ಆ ದೇಶಗಳಲ್ಲಿ ನೆಂಟರಿಲ್ಲ

ಪಿಜಿ ಖಾಲಿ ಮಾಡುವ ಹುಡುಗಿಯರು ಬಕೆಟ್ಟು, ಚಾಪೆ, ಮುರಿದ ಹ್ಯಾಂಗರುಗಳ ಜೊತೆ ಪುಸ್ತಕಗಳನ್ನೂ ಬಿಟ್ಟುಹೋಗುತ್ತಾರೆ. ಹೂಡಿಯ ಆ ಪಿಜಿಯಲ್ಲಿ ಬಕೆಟ್ಟು, ಚಾಪೆಗಳು ಮಾಲೀಕ ನರಸಪ್ಪನವರ ಗೋದಾಮಿಗೆ ಸೇರುತ್ತಿದ್ದವು, ಪುಸ್ತಕಗಳು ಗೌರಿಗೆ. ಗೌರಿ ಅಲ್ಲಿ ಬಾಗಿಲ ಬಳಿಯ ಮೇಜಿನಲ್ಲಿ ಕೂರುವವಳು. ಪಾರ್ಸೆಲ್ ತೆಗೆದಿಡುವುದು, ಗೀಸರ್ ಕೆಟ್ಟರೆ ಬೈಸಿಕೊಳ್ಳುವುದು ಅವಳ ಕೆಲಸ. ಕೋಲಾರದಲ್ಲಿ ಡಿಗ್ರಿ ಓದುವಾಗ ಸರ್ಕಾರಿ ಹಾಸ್ಟೆಲಿನ ಪುಸ್ತಕದ ಕಪಾಟನ್ನು ಪೂರ್ತಿ ಮುಗಿಸಿದ್ದಳು. ಬೇರೇನೂ ಸಿಗದೆ ಕೊನೆಗೆ ತೋಟಗಾರಿಕೆ ಇಲಾಖೆಯ ವರದಿಯನ್ನೂ ಓದಿದ್ದಳು. ಇಂಗ್ಲಿಷು ಅವಳಿಗೆ ನಿಧಾನ, ಆದರೆ ಮೇಜಿನ ಮುಂದೆ ಹೊತ್ತಿಗೇನೂ ಬರವಿರಲಿಲ್ಲ.

ಆ ಬೇಸಿಗೆಯಲ್ಲಿ ಅವಳ ಕೈಗೆ ಬಂದ ಮೂರು ಕಾದಂಬರಿಗಳೂ ಒಂದೇ ಜಾತಿಯವು. ಯಾವುದೋ ಮುಂದಿನ ಕಾಲ, ಕೆಟ್ಟುಹೋದ ದೇಶ. ಅಲ್ಲಿ ಹುಡುಗ ಹುಡುಗಿಯರನ್ನು ಹಿಡಿದು ತಂದು ಸಾಯುವ ಆಟಕ್ಕೆ ಬಿಡುತ್ತಾರೆ. ನೀಲಿ ರಟ್ಟಿನದರಲ್ಲಿ ಒಂದು ಮುಳುಗಿದ ನಗರ. ಪ್ರತಿ ವಾರ್ಡೂ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕಳಿಸಬೇಕು, ಅವರು ಒಂದು ಗೋಪುರ ಹತ್ತಬೇಕು, ಒಬ್ಬರನ್ನೊಬ್ಬರು ತಳ್ಳಬೇಕು. ಕೊನೆಗೆ ಉಳಿದವರ ವಾರ್ಡಿಗೆ ಕುಡಿಯುವ ನೀರು. ರಟ್ಟು ಹರಿದುಹೋದ ಇನ್ನೊಂದರಲ್ಲಿ, ಪರೀಕ್ಷೆಯಲ್ಲಿ ಫೇಲಾದವರು ಉಪ್ಪಿನ ಬಯಲಿನಲ್ಲಿ ಬಂಡಿ ಎಳೆಯುತ್ತಾರೆ. ಹಿಂದೆ ಬಿದ್ದವರನ್ನು ಅಲ್ಲೇ ಬಿಟ್ಟು ಹೋಗುತ್ತಾರೆ, ದೇಶವೆಲ್ಲ ಅದನ್ನು ಟೀವಿಯಲ್ಲಿ ನೋಡುತ್ತದೆ. ಕಾಫಿ ಕಲೆಯ ಮೂರನೆಯದರಲ್ಲಿ ರಾಜನಿಲ್ಲ, ಟೀವಿಯಿಲ್ಲ. ಒಂದು ಶಾಲೆ, ಮೇಷ್ಟರುಗಳು ಯಾವಾಗಲೋ ಓಡಿಹೋಗಿದ್ದಾರೆ. ಪ್ರತಿ ಶುಕ್ರವಾರ ಮಕ್ಕಳೇ ಕೈಯೆತ್ತಿ ತಮ್ಮಲ್ಲೊಬ್ಬರನ್ನು ಗೇಟಿನಾಚೆ ಕಳಿಸುತ್ತಾರೆ. ಹೋದವರು ವಾಪಸು ಬರುವುದಿಲ್ಲ.

ಸಾಯಂಕಾಲ ಕೆಲಸದಿಂದ ಬಂದ ಮಹಾಲಕ್ಷ್ಮಿ ಶೂ ಬಿಚ್ಚುತ್ತ ಗೌರಿಯ ಮೇಜಿಗೆ ಒರಗಿ ನಿಲ್ಲುತ್ತಿದ್ದಳು. ದಾವಣಗೆರೆ ಕಡೆಯವಳು, ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಅವಳೂ ಈ ಮೂರನ್ನೂ ಓದಿದ್ದಳು. ಹಾಗಾಗಿ ವಾರಗಟ್ಟಲೆ ಇಬ್ಬರಿಗೂ ಅದೇ ಮಾತು.

"ಮೂರನೇದೇ ಬೆಸ್ಟು," ಅಂದಳು ಮಹಾಲಕ್ಷ್ಮಿ. "ಮೇಲೆ ಕೂತು ಆಡಿಸೋನು ಯಾರೂ ಇಲ್ಲ ನೋಡು. ಆದ್ರೂ ಆಟ ನಡೀತದೆ."

"ಅದ್ಕೇ ಅದು ನಂಗೆ ಸುಳ್ಳು ಅನ್ಸುತ್ತೆ. ಒಬ್ನಾದ್ರೂ ಕೈ ಎತ್ತಲ್ಲ ಅನ್ಬೇಕಲ್ಲ?"

"ಎತ್ತದಿದ್ರೆ ಮುಂದಿನ ವಾರ ಅವ್ನ ಹೆಸ್ರೇ ಬರ್ತದೆ. ನಮ್ಮ ಆಫೀಸ್ ಮೀಟಿಂಗಿಗೆ ಬಾ ಒಂದ್ಸಲ, ಯಾರು ಕೈ ಎತ್ತಲ್ಲ ನಾನೂ ನೋಡ್ತೀನಿ."

ಗೌರಿ ನಕ್ಕಳು. ಆದರೆ ಅವಳ ತಲೆಯಲ್ಲಿ ಬೇರೆ ಪ್ರಶ್ನೆಯಿತ್ತು. ಮೂರು ಕಥೆಯಲ್ಲೂ ಬರೆದವರು ಏನನ್ನೋ ಬಿಟ್ಟಿದ್ದಾರೆ, ಅದು ಏನು ಅಂತ ಗೊತ್ತಾಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ಏನೋ ಕಾಣೆಯಾಗಿದೆ ಅನ್ನಿಸುತ್ತದೆ, ಏನೆಂದು ಮಾತ್ರ ಹೊಳೆಯುವುದಿಲ್ಲವಲ್ಲ, ಹಾಗೆ.

ಈ ಚರ್ಚೆ ಬರೀ ಚರ್ಚೆಯಾಗಿ ಉಳಿಯಲಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ, ಹೂಡಿಯಲ್ಲೇ ಇದ್ದ ಅವರ ಮನೆಯ ಮುಂದೆ, ಅವಳ ಅಣ್ಣ ಮುನಿರಾಜು ಬೈಕಿನ ಕನ್ನಡಿಗಳನ್ನು ಬಿಚ್ಚಿಡುತ್ತಿದ್ದ.

ಮುನಿರಾಜು ನೀರಿನ ಟ್ಯಾಂಕರ್ ಓಡಿಸುತ್ತಾನೆ, ಬೈಕಿನ ಹುಚ್ಚು. ಟೆಕ್ ಪಾರ್ಕಿನ ಹಿಂದೆ ಇನ್ನೂ ತೆರೆಯದ ಹೊಸ ರಸ್ತೆಯೊಂದಿತ್ತು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಹುಡುಗರು ಸೇರುತ್ತಿದ್ದರು. ಅವರ ಆಟಕ್ಕೆ ಎದುರುಗಾಡಿ ಅಂತ ಹೆಸರು. ಒಂದು ತುದಿಯಿಂದ ಒಬ್ಬ, ಇನ್ನೊಂದು ತುದಿಯಿಂದ ಇನ್ನೊಬ್ಬ, ರಸ್ತೆಯ ನಡುವಿನ ಬಿಳಿ ಗೆರೆಯ ಮೇಲೇ ಎದುರುಬದುರು ಬರಬೇಕು. ಮೊದಲು ಪಕ್ಕಕ್ಕೆ ಸರಿದವನು ಸೋತ. ಹೋದ ವರ್ಷ ಇಬ್ಬರೂ ಸರಿಯಲಿಲ್ಲ. ಅವರಲ್ಲಿ ಒಬ್ಬ ಈಗ ಕಾಡುಗೋಡಿ ಮೆಟ್ರೋ ಕೆಳಗೆ ಕೂತು ಮೊಬೈಲ್ ಕವರ್ ಮಾರುತ್ತಾನೆ, ಅವನ ಊರುಗೋಲು ಗೋಡೆಗೆ ಒರಗಿರುತ್ತದೆ. ಇನ್ನೊಬ್ಬನ ಫೋಟೋಗೆ ಅವನ ಮನೆಯವರು ಹಾರ ಹಾಕಿದ್ದಾರೆ.

"ಯಾರ್ ಎದುರಿಗೆ?" ಗೌರಿ ಕೇಳಿದಳು.

"ವಿಶ್ವ."

ಕಾಡುಗೋಡಿಯ ವಿಶ್ವ ಅಂದರೆ ಅವರ ಸೋದರತ್ತೆಯ ಮಗ. ಮಕ್ಕಳಾಗಿದ್ದಾಗ ಒಂದೇ ತಟ್ಟೆಯಲ್ಲಿ ಉಂಡವರು.

"ಅವ್ನು ಅತ್ತೆ ಮಗ ಕಣೋ!"

"ಅದಕ್ಕೇನೀಗ? ಅವನು ಕಾಡುಗೋಡಿ, ನಾನು ಹೂಡಿ. ಫೋನ್ ಗ್ರೂಪಲ್ಲಿ ಎರಡೂ ಕಡೆಯವ್ರು ಹೆಸ್ರು ಹಾಕ್ಬಿಟ್ಟವ್ರೆ. ನಾನೇನು ಕೇಳ್ಕೊಂಡ್ ಹೋದ್ನಾ?"

"ಬರಲ್ಲ ಅನ್ನು."

"ಅಂದ್ರೆ ನನ್ ಬದ್ಲು ಇನ್ನೊಬ್ಬನ್ನ ನಿಲ್ಲಿಸ್ತಾರೆ. ಅವ್ನಿಗೆ ಗಾಡಿ ನೆಟ್ಟಗೆ ಓಡ್ಸಕ್ಕೂ ಬರಲ್ಲ. ಅವ್ನು ಸತ್ರೆ ಯಾರ್ ತಲೆ ಮೇಲೆ?" ಮುನಿರಾಜು ಸ್ಪ್ಯಾನರ್ ಕೆಳಗಿಟ್ಟ. "ಪೊಲೀಸ್ಗೆ ಹೇಳ್ತೀಯಾ? ಹೇಳು. ಬೇರೆ ರೋಡಿಲ್ವಾ? ನಮ್ಮ ಏರಿಯಾದಲ್ಲಿ ರೋಡಿಗೇನು ಕಮ್ಮಿ ಹೇಳಮ್ಮಾ."

ಗೌರಿಗೆ ಆ ಕಾದಂಬರಿಗಳು ನೆನಪಾದವು. ನೀಲಿ ರಟ್ಟಿನ ಪುಸ್ತಕದಲ್ಲೂ ಹೀಗೇ. ನಾಯಕಿ ಹತ್ತುವುದಿಲ್ಲ ಅನ್ನುತ್ತಾಳೆ, ಅವಳ ಬದಲು ಪಕ್ಕದ ಮನೆಯ ಹುಡುಗಿಯನ್ನು ಎಳೆದೊಯ್ಯುತ್ತಾರೆ. ಬಂಡಿಯ ಪುಸ್ತಕದಲ್ಲಿ ನಾಯಕ ನಡುದಾರಿಯಲ್ಲಿ ಕೂತುಬಿಡುತ್ತಾನೆ, ಟೀವಿ ನೋಡುತ್ತಿದ್ದ ದೇಶವೆಲ್ಲ ಅತ್ತು, ಎದ್ದು, ರಾಜನನ್ನು ಓಡಿಸುತ್ತದೆ. ಅದನ್ನು ಅವಳು ಓದುವಾಗಲೇ ನಂಬಿರಲಿಲ್ಲ. ಹೊಸ ರಸ್ತೆಯಲ್ಲಿ ಮುನಿರಾಜು ಕೂತುಬಿಟ್ಟರೆ ಅದೂ ಒಂದು ವಿಡಿಯೋ ಆಗುತ್ತದೆ, ಅಷ್ಟೆ. ಕೆಳಗೆ ನಗುವ ಮುಖಗಳ ಸಾಲು ಬೀಳುತ್ತದೆ.

ಸಾಯಂಕಾಲ ಮಹಾಲಕ್ಷ್ಮಿಗೆ ಎಲ್ಲ ಹೇಳಿದಳು. ಮಹಾಲಕ್ಷ್ಮಿ ಶೂ ಬಿಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿದಳು.

"ನೋಡು ಗೌರಿ, ಯಾವ ಸಿಸ್ಟಮ್ ಆದ್ರೂ ಅದನ್ನ ಕಟ್ಟಿದವ್ರು ಯೋಚನೆ ಮಾಡದೇ ಇರೋ ಒಂದು ಸಂಗತಿ ಇದ್ದೇ ಇರ್ತದೆ. ನಾವು ಟೆಸ್ಟರುಗಳು ಅದನ್ನೇ ಹುಡ್ಕೋದು. ಆ ಮೂರು ಪುಸ್ತಕದಾಗ ಏನು ಬಿಟ್ಟಿದ್ದಾರೆ ಹೇಳು."

"ಅದನ್ನೇ ತಿಂಗಳಿಂದ ಯೋಚಿಸ್ತಿದೀನಿ."

"ನೀಲಿದ್ರಾಗೆ ಯಾರ್ ಯಾರಿದ್ದಾರೆ? ಆ ಹುಡುಗಿ, ಅವಳವ್ವ, ತಂಗಿ. ಬಂಡಿದ್ರಾಗೆ? ಆ ಹುಡುಗ, ಅವನ ಗೆಳೆಯ. ಅಪ್ಪ ಸತ್ತಾನೆ. ಶಾಲೆದ್ರಾಗೆ ಎಲ್ಲಾ ಅನಾಥರು."

ಗೌರಿ ಕುರ್ಚಿಯಿಂದ ಎದ್ದಳು. "ನೆಂಟ್ರು!"

"ಏನು?"

"ನೆಂಟ್ರೇ ಇಲ್ಲ ಕಣೇ! ಮೂರು ದೇಶದಲ್ಲೂ ಯಾರಿಗೂ ಒಬ್ಬ ಮಾವ ಇಲ್ಲ, ದೊಡ್ಡಪ್ಪ ಇಲ್ಲ, ಸೋದರತ್ತೆ ಇಲ್ಲ. ಅಷ್ಟೂ ಜನ ಸಾಯೋಕೆ ಹೋಗ್ತಿದ್ರೆ ಒಬ್ಬ ಚಿಕ್ಕಮ್ಮ ಆದ್ರೂ ಬಂದು ಬಾಯಿ ಬಡ್ಕೊಳಲ್ಲ. ನಮ್ಮತ್ತೆ ಆಗಿದ್ರೆ ಆ ಗೋಪುರದ ಕೆಳಗೆ ಟಿಫನ್ ಡಬ್ಬಿ ಹಿಡ್ಕೊಂಡು ನಿಂತು, ‘ಇಳಿಯೋ ಮನೆಹಾಳ’ ಅಂತ ಕೂಗೋಳು. ಆಟ ನಡೆಸೋರಿಗೇ ಸಾಕಾಗಿರೋದು."

ಮಹಾಲಕ್ಷ್ಮಿ ಮೇಜು ಬಡಿದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಆದ್ರೆ ನಿಮ್ಮತ್ತೆ ಕೂಗಿದ್ರೆ ವಿಶ್ವ ಕೇಳ್ತಾನಾ?" ಅಂದಳು.

ಕೇಳುವುದಿಲ್ಲ. ಅದು ಗೌರಿಗೂ ಗೊತ್ತಿತ್ತು. ಅಮ್ಮಂದಿರ ಕೂಗಿಗೆ ಆ ಹುಡುಗರ ಕಿವಿ ಎಂದೋ ಒಗ್ಗಿಹೋಗಿದೆ. ಹುಡುಗರು ಇಂದಿಗೂ ಇಲ್ಲವೆನ್ನದ ಕರೆ ಒಂದೇ ಇತ್ತು. ಅದಕ್ಕೆ ಯಾರಾದರೂ ಸಾಯಬೇಕಿತ್ತು, ಇಲ್ಲವೆ ಸಾಯುವ ಹಾಗಿರಬೇಕಿತ್ತು.

ಅವರ ಮನೆಯ ಮುಂದಿನ ಕೋಣೆಯಲ್ಲಿ ದೊಡ್ಡಮುನಿಯಪ್ಪ ಇದ್ದರು. ಗೌರಿಯ ಅಜ್ಜನ ಅಣ್ಣ, ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿ ನಿವೃತ್ತರಾದವರು. ಇಡೀ ವಂಶದಲ್ಲಿ ಅವರೇ ಹಿರಿಯರು. ಅವರಿಗೆ ಒಂದು ಚಟವಿತ್ತು. ಸುತ್ತಲಿನ ಊರುಗಳಲ್ಲಿ ಯಾರು ಸತ್ತರೂ ಮಣ್ಣಿಗೆ ಹೋಗಿ ಬರುತ್ತಿದ್ದರು. ಬಂದವರು ವರದಿ ಒಪ್ಪಿಸುತ್ತಿದ್ದರು. ಜನ ಎಷ್ಟು ಬಂದಿತ್ತು, ತಮಟೆಯವರು ಹೇಗೆ ಬಡಿದರು, ಹೊತ್ತವರು ಹೇಗೆ ಹೊತ್ತರು, ಅಳು ನಿಜದ್ದೋ ಅಲ್ಲವೋ.

ಶನಿವಾರ ಬೆಳಿಗ್ಗೆ ಗೌರಿ ಅವರ ಮಂಚದ ಪಕ್ಕ ಕೂತು ಮೂರೂ ಕಥೆ ಹೇಳಿದಳು. ಆಮೇಲೆ ನಾಲ್ಕನೆಯದಾಗಿ ಮುನಿರಾಜುವಿನದು. ಮುದುಕ ಎಲೆಅಡಿಕೆ ಅಗಿಯುವುದನ್ನೂ ಮರೆತು ಕೇಳಿದರು.

"ಆ ಗೋಪುರದಿಂದ ಬಿದ್ದೋರ್ನ ಮಣ್ಣು ಮಾಡೋರು ಯಾರು?" ಮೊದಲ ಪ್ರಶ್ನೆಯೇ ಅದು.

"ಅದನ್ನ ಬರೆದಿಲ್ಲ ತಾತ."

"ಥೂ. ಅಂಗಾದ್ರೆ ಏನ್ ಕತೆ ಅದು." ಎಲೆಅಡಿಕೆಯನ್ನು ಕೆನ್ನೆಗೆ ಒತ್ತರಿಸಿ, "ಈಗ ನಾನೇನ್ ಮಾಡ್ಬೇಕು ಅಂತೀಯ?" ಅಂದರು.

"ನಾಳೆ ಬೆಳಗಿನ ಜಾವ ನಿಮಗೆ ಕಡೇಗಾಲ ಬಂದಂಗೆ ಮಲಗ್ಬೇಕು. ನೆಂಟರನ್ನೆಲ್ಲ ಬಾಯಿಗೆ ನೀರು ಬಿಡೋಕೆ ಕರೀತೀನಿ. ಆ ರೋಡಲ್ಲಿ ಬಿಸಿಲೇರೋವರೆಗೂ ಅಷ್ಟೇ ಆಟ. ಆಮೇಲೆ ಟ್ಯಾಂಕರು, ಲಾರಿ ಎಲ್ಲ ಅಡ್ಡದಾರಿಲಿ ನುಗ್ತವೆ. ಅಲ್ಲೀವರೆಗೂ ಇಬ್ಬರನ್ನೂ ಇಲ್ಲೇ ಕೂರಿಸ್ಕೊಂಡ್ರೆ ಸಾಕು."

ಬೈಯುತ್ತಾರೆ ಅಂದುಕೊಂಡಿದ್ದಳು. ದೊಡ್ಡಮುನಿಯಪ್ಪನ ಕಣ್ಣು ಮಿನುಗಿತು.

"ಯಾರ್ಯಾರು ಬತ್ತಾರೆ ಅಂತ ನೋಡ್ಬೋದಾ?"

"ನೋಡ್ಬೋದು. ಕಣ್ಣು ಮಾತ್ರ ಅರ್ಧ ಮುಚ್ಚಿರ್ಬೇಕು."

"ನಿಮ್ಮಮ್ಮಂಗೆ ಏಳ್ಬೇಡ. ಅವ್ಳು ನಗ್ತಾಳೆ."

ಮರುದಿನ ಮುನಿರಾಜು ಇನ್ನೂ ಮಸುಕಿರುವಾಗಲೇ ಬೈಕನ್ನು ಸದ್ದಾಗದಂತೆ ಗೇಟಿನತ್ತ ತಳ್ಳುತ್ತಿದ್ದ. ಮುಂದಿನ ಕೋಣೆಯಿಂದ ಒಂದು ನರಳಾಟ ಬಂತು. ಗೌರಿಯೂ ಒಂದು ಕ್ಷಣ ನಿಜವೆಂದೇ ನಂಬಿದಳು, ಮುದುಕ ಅಷ್ಟು ಚೆನ್ನಾಗಿ ನರಳಿದರು. ತಾಯಿ ರಾಮಮ್ಮ ಎದ್ದು ಓಡಿಬಂದು, ಮಾವನವರ ಮುಖ ನೋಡಿ, "ಅಯ್ಯೋ, ಮುನಿರಾಜಾ, ತಾತ ಓಗ್ತವ್ರೆ ಕಣೋ!" ಅಂತ ಕೂಗಿಕೊಂಡಳು.

ಮುನಿರಾಜು ಗೇಟಿನಲ್ಲೇ ನಿಂತ. ಕೈಯಲ್ಲಿ ಕೀ. ಜೇಬಿನಲ್ಲಿ ಫೋನು ಒಂದೇ ಸಮನೆ ನಡುಗುತ್ತಿತ್ತು. ಅವನು ರಸ್ತೆಯ ಕಡೆ ನೋಡಿದ, ಕೋಣೆಯ ಕಡೆ ನೋಡಿದ. ಕೊನೆಗೆ ಸ್ಟ್ಯಾಂಡ್ ಹಾಕಿ ಒಳಗೆ ಬಂದ.

ಗೌರಿ ಒಂದೊಂದಾಗಿ ಫೋನು ಮಾಡಿದಳು. ಮೊದಲ ಕರೆ ಕಾಡುಗೋಡಿಯ ಅತ್ತೆಗೆ. ಬೆಳಕು ಹರಿಯುವಷ್ಟರಲ್ಲಿ ವಿಶ್ವನ ಬೈಕು ಬಂತು. ಅದರಲ್ಲೂ ಕನ್ನಡಿಗಳಿರಲಿಲ್ಲ, ಸೈಲೆನ್ಸರ್ ಕಿತ್ತಿದ್ದರಿಂದ ಅದರ ಸದ್ದಿಗೆ ಬೀದಿಯೆಲ್ಲ ಎದ್ದು ಕೂತಿತು. ಹಿಂದಿನ ಸೀಟಿನಲ್ಲಿ ಅತ್ತೆ ಒಂದೇ ಕಡೆ ಕಾಲು ಇಳಿಬಿಟ್ಟು, ಎದೆಗೆ ತುಳಸಿ ಕುಂಡವನ್ನೇ ಒತ್ತಿ ಹಿಡಿದು, ಅಳುತ್ತ ಕೂತಿದ್ದರು. ಅವಸರದಲ್ಲಿ ಎಲೆ ಕೀಳುವ ಬದಲು ಗಿಡವನ್ನೇ ತಂದಿದ್ದರು.

ಅವರ ಹಿಂದೆಯೇ ಮತ್ತೆ ಬೈಕುಗಳು. ರಸ್ತೆಯಲ್ಲಿ ಫೋನು ಹಿಡಿದು ಕಾಯುತ್ತಿದ್ದ ಹುಡುಗರೇ ಅವರು. ಆಡುವವರಿಬ್ಬರೂ ಬರಲಿಲ್ಲವೆಂದು ಹುಡುಕಿಕೊಂಡು ಬಂದವರು, ಬಂದಮೇಲೆ ವಾಪಸು ಹೋಗುವ ಹಾಗಿರಲಿಲ್ಲ. ಅರ್ಧಕ್ಕರ್ಧ ಒಂದೇ ವಂಶದ ಮಕ್ಕಳು, ಉಳಿದವರು ನೆರೆಯವರು. ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, ಗೋಡೆಗುಂಟ ನಿಂತರು.

ಗೌರಿ ಎಣಿಸದೇ ಇದ್ದದ್ದು ಒಂದಿತ್ತು. ಈ ಕಡೆಯ ಜನ ಸಾವಿನ ಕೆಲಸದಲ್ಲಿ ಎಷ್ಟು ಚುರುಕು ಅನ್ನುವುದನ್ನು ಅವಳು ಮರೆತಿದ್ದಳು. ಬೀದಿಗೆ ಅಡ್ಡಲಾಗಿ ಆಗಲೇ ನೀಲಿ ಶಾಮಿಯಾನ ಎದ್ದಿತ್ತು. ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪನೊಬ್ಬ ಆಟೋದಿಂದ ಫ್ಲೆಕ್ಸ್ ಇಳಿಸಿದ. ‘ಭಾವಪೂರ್ಣ ಶ್ರದ್ಧಾಂಜಲಿ’ ಅಂತ ದಪ್ಪಕ್ಷರ, ಕೆಳಗೆ ಮೂವತ್ತು ವರ್ಷ ಹಿಂದಿನ ದೊಡ್ಡಮುನಿಯಪ್ಪ.

"ಇನ್ನೂ ಓಗಿಲ್ವಲ್ಲೋ!" ರಾಮಮ್ಮ ಹೌಹಾರಿದಳು.

"ಭಾನುವಾರ ಅಂಗಡಿ ಬೇಗ ಮುಚ್ತಾರೆ ಅತ್ಗೆ. ಆಮೇಲೆ ಯಾರ್ ಪ್ರಿಂಟ್ ಹಾಕ್ಕೊಡ್ತಾರೆ?"

ಒಳಗೆ ಸರದಿಯಂತೆ ನೀರು ಬಿಡುತ್ತಿದ್ದರು. ಮುನಿರಾಜು ಎರಡು ಚಮಚ ಬಿಟ್ಟ. ವಿಶ್ವ ಬಿಟ್ಟ ನೀರು ಗದ್ದದ ಮೇಲೆ ಹರಿಯಿತು. ಮುದುಕ ನಾಲಿಗೆ ಚಾಚಿ ಅದನ್ನೂ ನೆಕ್ಕಿದರು. "ಇನ್ನೊಂದ್ ಚೂರು," ಅಂದರು.

ಗೌರಿ ಕಿಟಕಿಯ ಬಳಿ ನಿಂತು ಬಿಸಿಲನ್ನು ನೋಡುತ್ತಿದ್ದಳು. ಎದುರು ಕಾಂಪೌಂಡಿನ ಅರ್ಧಕ್ಕೆ ಇಳಿದಿತ್ತು. ಮೊದಲ ಟ್ಯಾಂಕರಿನ ಹಾರ್ನ್ ಕೇಳಿಸಿತು. ಇಂದಿಗೆ ಸಾಕು, ಅಂದುಕೊಂಡಳು. ಮುಂದಿನ ಭಾನುವಾರಕ್ಕೆ ಅವಳ ಹತ್ತಿರ ಏನೂ ಇರಲಿಲ್ಲ. ಒಬ್ಬ ಮನುಷ್ಯ ಎಷ್ಟು ಸಲ ಕಡೇಗಾಲ ಅನುಭವಿಸಬಹುದು?

ಆಗ ದೊಡ್ಡಮುನಿಯಪ್ಪ ಕೈಯೆತ್ತಿದರು. ಇದು ಅವಳು ಹೇಳಿಕೊಟ್ಟದ್ದಲ್ಲ.

"ನನ್ನ ಚಟ್ಟ ಒರೋರು ಯಾರು?"

"ಅಂಗೆಲ್ಲ ಮಾತಾಡ್ಬೇಡಿ ಮಾವ," ಅಂದಳು ರಾಮಮ್ಮ.

"ಸುಮ್ಕಿರು. ನಾನ್ ನೋಡಿವ್ನಿ. ನಮ್ ತಮ್ಮಯ್ಯನ್ ಮಣ್ಣಲ್ಲಿ ಒಂದು ಕಡೆ ಕುಳ್ಳ, ಒಂದು ಕಡೆ ಕುಂಟ. ಎಣ ಸ್ಮಶಾನದ್ವರ್ಗೂ ಕುಣ್ಕೊಂಡೇ ಓಯ್ತು. ನಂಗೆ ಅಂಗಾಗ್‌ಬಾರ್ದು." ಅರ್ಧ ಮುಚ್ಚಿದ ಕಣ್ಣು ಪೂರ್ತಿ ತೆರೆಯಿತು. "ಮುನಿರಾಜ, ವಿಶ್ವ, ಜೊತೇಲಿ ನಿಂತ್ಕೊಳ್ರಿ. ಬೆನ್ ತಿರುಗ್ಸಿ. ಆಂ. ಒಂದೇ ಎತ್ರ. ಮುಂದ್ಗಡೆ ಎಡಕ್ಕೆ ಇವ್ನು, ಬಲಕ್ಕೆ ಅವ್ನು. ಹಿಂದಕ್ಕೆ ಆ ಕೆಂಪು ಅಂಗಿ, ಅವ್ನ್ ಪಕ್ಕದೋನು. ಆಚೆ ನಿಂತಿರೋರೆಲ್ಲ ದಾರೀಲಿ ಎಗಲು ಬದಲಾಯ್ಸಕ್ಕೆ. ಎಲ್ರೂ ಕೇಳಿಸ್ಕೊಂಡ್ರಾ?"

ಕೇಳಿಸಿಕೊಂಡಿದ್ದರು. ಬಾಗಿಲಲ್ಲಿ ಹೆಂಗಸರು, ಶಾಮಿಯಾನದ ಕೆಳಗೆ ಗಂಡಸರು, ಇಡೀ ವಂಶ ಸಾಕ್ಷಿ. ಫೋನಿನ ಗ್ರೂಪಿನಲ್ಲಿ ಹೆಸರು ಹಾಕಿದ್ದಕ್ಕಿಂತ ಇದು ದೊಡ್ಡ ಕರೆ.

"ನಾನೋಗೋವರ್ಗೂ ಕೈಕಾಲು ನೆಟ್ಟಗಿರ್ಬೇಕು. ಕುಂಟ್ರು ಬಂದ್ರೆ ಚಟ್ಟದಿಂದ ಎದ್ದು ಒದೀತೀನಿ." ಅಷ್ಟು ಹೇಳಿ ಮುದುಕ ಎದ್ದು ಕೂತರು. "ಗೌರಿ, ಕಾಫಿ ತಾ. ಬರೀ ನೀರ್ ಕುಡ್ದು ಒಟ್ಟೆ ಉಬ್ಬರ್ಸ್ಕಂಡದೆ."

ಆಮೇಲೆ ನಡೆದದ್ದು ಒಂದು ದೊಡ್ಡ ಗಲಾಟೆ. ಅತ್ತೆಯ ಅಳು ನಿಲ್ಲಲು ಹೊತ್ತು ಹಿಡಿಯಿತು. ಶಾಮಿಯಾನದವನು, "ಈಗ ಬಿಚ್ಚೋದಾ, ಸಾಯಂಕಾಲದವರ್ಗೂ ನೋಡೋದಾ?" ಅಂತ ಕೇಳಿ ಬೈಸಿಕೊಂಡ. ಬಂದವರಿಗೆಲ್ಲ ಉಪ್ಪಿಟ್ಟು ಮಾಡಬೇಕಾಯಿತು. ದೊಡ್ಡಮುನಿಯಪ್ಪ ಕುರ್ಚಿ ಹಾಕಿಸಿಕೊಂಡು ಫ್ಲೆಕ್ಸಿನ ಎದುರು ಕೂತು ಬಹಳ ಹೊತ್ತು ನೋಡಿದರು. ಫೋಟೋ ಸರಿಯಿಲ್ಲ, ಅದರಲ್ಲಿ ತಾವು ರೈಲ್ವೆ ಟೋಪಿ ಹಾಕಿಲ್ಲ, ಮುಂದಿನ ಸಲ ಟೋಪಿ ಹಾಕಿದ್ದನ್ನೇ ಕೊಡಬೇಕು ಅಂದರು. ಯಾರು ಬಂದಿಲ್ಲ ಅನ್ನುವುದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡರು.

ಮುನಿರಾಜು ಉಪ್ಪಿಟ್ಟಿನ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ. ಗೌರಿ ಅವನ ಹಿಂದೆ ನಿಂತು ಫೋನಿಗೆ ಇಣುಕಿದಳು. ಗ್ರೂಪಿನಲ್ಲಿ ವಿಶ್ವ ಬರೆದಿದ್ದ: ಮುಂದಕ್ಕೆ ಹಾಕಿದೀವಿ. ತಾತ ಹೋದ್ಮೇಲೆ.

ಕೆಳಗೆ ಸಾಲಾಗಿ ಹೆಬ್ಬೆಟ್ಟಿನ ಚಿತ್ರಗಳು ಬಿದ್ದಿದ್ದವು. ಹೇಡಿ ಅಂತ ಯಾರೂ ಬರೆಯಲಿಲ್ಲ. ಬರೆಯಬೇಕಾದವರಿಗೆಲ್ಲ ಮುದುಕ ಒಂದೊಂದು ಜಾಗ ಗೊತ್ತುಮಾಡಿಬಿಟ್ಟಿದ್ದರು.

"ನಿಂಗೆ ಮೊದ್ಲೇ ಗೊತ್ತಿತ್ತು," ಅಂದ ಮುನಿರಾಜು, ತಿರುಗದೆ.

"ಏನು?"

"ಮುದುಕ್ನ ನರಳಾಟ." ಒಂದು ತುತ್ತು ನುಂಗಿದ. "ಸಕ್ಕತ್ ಮಾಡ್ತಾರೆ ಗುರು." ಅಷ್ಟೆ. ಥ್ಯಾಂಕ್ಸ್ ಅನ್ನಲಿಲ್ಲ, ಬೈಯಲೂ ಇಲ್ಲ.

ಸೋಮವಾರ ಸಾಯಂಕಾಲ ಮಹಾಲಕ್ಷ್ಮಿ ಎಲ್ಲ ಕೇಳಿಸಿಕೊಂಡು ತಲೆ ಅಲ್ಲಾಡಿಸಿದಳು. "ಇದು ರಿಪೇರಿ ಅಲ್ಲ ಗೌರಿ. ತೇಪೆ. ಆ ಆಟ ಹಂಗೇ ಐತಿ."

"ಗೊತ್ತು."

"ತಾತ ಹೋದ ಮಾರನೇ ಭಾನುವಾರ ಇಬ್ರೂ ಗೆರೆ ಮೇಲೆ ನಿಲ್ತಾರೆ."

"ಅದೂ ಗೊತ್ತು. ತೇಪೆ ಎಷ್ಟು ದಿನ ಬರುತ್ತೆ ಅಂತ ಹೇಳು, ನೀನೇ ಟೆಸ್ಟರು."

ಮಹಾಲಕ್ಷ್ಮಿ ಯೋಚಿಸಿದಳು. "ನಮ್ಮ ಕಂಪನಿ ತೇಪೆ ಮೇಲೇ ಹತ್ತು ವರ್ಷದಿಂದ ನಿಂತದೆ," ಅಂದಳು.

ಅಂದಿನಿಂದ ಗೌರಿಗೆ ಒಂದು ಕೆಲಸ ಹೆಚ್ಚಾಯಿತು. ಬೆಳಿಗ್ಗೆ ಪಿಜಿಗೆ ಹೋಗುವ ಮುಂಚೆ ಮುದುಕನಿಗೆ ಬಿಪಿ ಮಾತ್ರೆ ನುಂಗಿಸುವುದು, ಸಾಯಂಕಾಲ ಬಂದು ಉಪ್ಪಿನಕಾಯಿ ಬಚ್ಚಿಡುವುದು. ಹುಡುಗರೂ ಆಗಾಗ ಬಂದು ಬಾಗಿಲಲ್ಲಿ ಇಣುಕಿ, "ತಾತ ಹೆಂಗವ್ರೆ?" ಅಂತ ಕೇಳುತ್ತಿದ್ದರು. ಪ್ರೀತಿಯಿಂದ ಕೇಳುತ್ತಿದ್ದರೋ, ಆಟ ಯಾವಾಗ ಅಂತ ಲೆಕ್ಕ ಹಾಕಲು ಕೇಳುತ್ತಿದ್ದರೋ, ಗೌರಿಗೆ ತಿಳಿಯುತ್ತಿರಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ. ದೊಡ್ಡಮುನಿಯಪ್ಪ ಮಾತ್ರ ಪ್ರತಿ ಸಲವೂ ಅವರನ್ನು ನಿಲ್ಲಿಸಿ, ಬೆನ್ನು ತಿರುಗಿಸಿ, ಎತ್ತರ ನೋಡಿ ಕಳಿಸುತ್ತಿದ್ದರು. ಭಾನುವಾರಗಳಲ್ಲಿ ಗೌರಿ ಈಗಲೂ ಕತ್ತಲಿರುವಾಗಲೇ ಎಚ್ಚರಗೊಂಡು, ಗೇಟಿನ ಸದ್ದಿಗೆ ಕಿವಿಗೊಟ್ಟು ಮಲಗಿರುತ್ತಿದ್ದಳು.

ಮಳೆಗಾಲ ಶುರುವಾದಾಗ ಪಿಜಿಯ ಮೂರನೇ ಮಹಡಿಯ ಹುಡುಗಿಯೊಬ್ಬಳು ಖಾಲಿ ಮಾಡಿದಳು. ಅವಳು ಬಿಟ್ಟುಹೋದದ್ದರಲ್ಲಿ ಅದೇ ಜಾತಿಯ ಇನ್ನೊಂದು ಪುಸ್ತಕವಿತ್ತು. ಹಸಿರು ರಟ್ಟು. ಗೌರಿ ಅದನ್ನು ಮನೆಗೆ ತಂದು ಮುದುಕನ ಮಂಚದ ಪಕ್ಕ ಕೂತು ಬಿಡಿಸಿದಳು.

"ಇದ್ರಲ್ಲಿ ಏನ್ ಆಟ?" ದೊಡ್ಡಮುನಿಯಪ್ಪ ಕೇಳಿದರು.

"ಒಂದು ದ್ವೀಪ ತಾತ. ಕಾಡಲ್ಲಿ ಬಿಡ್ತಾರೆ."

"ನೆಂಟ್ರವ್ರಾ?"

ಗೌರಿ ಪುಟ ತಿರುವಿದಳು. "ಒಬ್ಬ ಸೋದರಮಾವ ಅವ್ನೆ. ದೋಣಿ ಕದ್ಕೊಂಡು ಹುಡುಗನ್ನ ಕರ್ಕೊಂಡೋಗಕ್ಕೆ ಬರ್ತಿದಾನೆ."

ಮುದುಕ ದಿಂಬು ಸರಿಮಾಡಿಕೊಂಡು ಅವಳ ಕಡೆ ತಿರುಗಿ ಮಲಗಿದರು. "ತಲುಪ್ತಾನಾ?"

"ಓದಿ ನೋಡ್ಬೇಕು," ಅಂದಳು ಗೌರಿ. ಮಾತ್ರೆಯನ್ನೂ ನೀರಿನ ಲೋಟವನ್ನೂ ಅವರ ಕೈಗಿಟ್ಟಳು. "ಮೊದ್ಲು ಇದನ್ನ ನುಂಗಿ."